ಮಳೆಗೆ ಲೆಕ್ಕವಿದೆ, ನೆಲಕ್ಕಿಲ್ಲ

2019ರ ಮೇ ತಿಂಗಳಲ್ಲಿ ಉಡುಪಿ ಕುಡಿಯುವ ನೀರಿಗೆ ಪರದಾಡಿತು. ಹಿರಿಯಡಕ ಸಮೀಪ ಸ್ವರ್ಣಾ ನದಿಗೆ ಕಟ್ಟಿದ ಬಜೆ ಅಣೆಕಟ್ಟು ಬರಿದಾಗಿತ್ತು. ಹೊಳೆಯ ಗುಂಡಿಗಳಲ್ಲಿ ಅಳಿದುಳಿದ ನೀರನ್ನು ಪಂಪ್ ಹಾಕಿ ಎತ್ತಬೇಕಾಯಿತು, ನಗರದ ವಾರ್ಡುಗಳಿಗೆ ಸರದಿಯಂತೆ ಬಿಡಬೇಕಾಯಿತು. ಹದಿನಾರು ತಿಂಗಳು ಕಳೆದು 2020ರ ಸೆಪ್ಟೆಂಬರ್ 20ರ ಭಾನುವಾರ ಅದೇ ಊರು ನೆರೆಯಲ್ಲಿ ಮುಳುಗಿತು. ಕಲ್ಸಂಕ, ಬನ್ನಂಜೆ, ಮೂಡನಿಡಂಬೂರು, ಗುಂಡಿಬೈಲು, ಕೃಷ್ಣಮಠದ ರಾಜಾಂಗಣ ಪಾರ್ಕಿಂಗ್ ಪ್ರದೇಶ ಎಲ್ಲವೂ ಜಲಾವೃತ. ಜನರನ್ನು ದೋಣಿಯಲ್ಲಿ ಕರೆತರಲು ಎನ್‌ಡಿಆರ್‌ಎಫ್ ತಂಡ ಬರಬೇಕಾಯಿತು.

ವರ್ಷಕ್ಕೆ 4,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು. ಆ ಮಳೆ ಎಷ್ಟು ಬಂತು ಎಂಬುದಕ್ಕೆ ಇಲ್ಲಿ ಅಚ್ಚುಕಟ್ಟಾದ ಲೆಕ್ಕವಿದೆ. ನೆಲಕ್ಕೆ ಬಿದ್ದ ಮೇಲೆ ಅದು ಎಲ್ಲಿಗೆ ಹೋಯಿತು, ಎಷ್ಟು ಇಂಗಿತು, ಎಷ್ಟು ವೇಗದಲ್ಲಿ ತೋಡು ಸೇರಿತು, ತೋಡು ಎಷ್ಟನ್ನು ತಾಳಿಕೊಂಡಿತು ಎಂಬುದಕ್ಕೆ ಲೆಕ್ಕ ಬಹಳ ಕಡಿಮೆ. ಬೇಸಗೆಯ ಬರ ಮತ್ತು ಮಳೆಗಾಲದ ನೆರೆ ಎರಡರ ಉತ್ತರವೂ ಈ ಕಾಣದ ಲೆಕ್ಕದಲ್ಲೇ ಇದೆ.

ಮಳೆ ಅಳೆಯುವ ಅಭ್ಯಾಸ ನಮ್ಮಲ್ಲಿ ತೀರ ಹಳೆಯದು. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಬಾಯಿಯ ಕುಂಡವನ್ನು ಇಟ್ಟು ಮಳೆ ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಯಾವ ಸೀಮೆಗೆ ಎಷ್ಟು ದ್ರೋಣ ಮಳೆ ಎಂದು ಪಟ್ಟಿಯನ್ನೂ ಕೊಡುತ್ತದೆ; ಪಶ್ಚಿಮ ಕರಾವಳಿಯ ಅಪರಾಂತಕ್ಕೆ ಬಂದಾಗ ಮಾತ್ರ ಅಲ್ಲಿನ ಮಳೆಗೆ ಮಿತಿಯಿಲ್ಲ ಎಂದು ಕೈಬಿಡುತ್ತದೆ. ಇಂದು ಹಾಗೆ ಕೈಬಿಡುವ ಅಗತ್ಯವಿಲ್ಲ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಪದ್ಧತಿಯಂತೆ ದೇಶದ ಎಲ್ಲ ಮಳೆಮಾಪಕಗಳನ್ನೂ ಬೆಳಿಗ್ಗೆ 8.30ಕ್ಕೆ ನೋಡಿ ಬರೆದುಕೊಳ್ಳುತ್ತಾರೆ. ಪತ್ರಿಕೆಯಲ್ಲಿ 'ಕಳೆದ 24 ಗಂಟೆಗಳಲ್ಲಿ' ಎಂದು ಅಚ್ಚಾಗುವ ಅಂಕಿ ಈ 8.30ರಿಂದ 8.30ರ ಲೆಕ್ಕ. ಆ ಅವಧಿಯಲ್ಲಿ 204.5 ಮಿ.ಮೀ. ದಾಟಿದರೆ ಅದು ಇಲಾಖೆಯ ವರ್ಗೀಕರಣದಲ್ಲಿ ಅತ್ಯಂತ ಭಾರಿ ಮಳೆ. 2020ರ ಆ ದಿನ ಉಡುಪಿ ಈ ರೇಖೆಯನ್ನು ದಾಟಿತ್ತು.

ಸರ್ಕಾರಿ ಮಾಪಕಗಳಷ್ಟೇ ಅಲ್ಲ. ನೆರೆಯ ದಕ್ಷಿಣ ಕನ್ನಡದಲ್ಲಿ ತೋಟದ ಮೂಲೆಯಲ್ಲೊಂದು ಮಳೆಮಾಪಕ ನೆಟ್ಟು, ನಾಲ್ಕು ದಶಕಗಳಿಂದ ಒಂದು ದಿನವೂ ತಪ್ಪದೆ ಬರೆದಿಟ್ಟ ಕೃಷಿಕರಿದ್ದಾರೆ. ಆ ನೋಟ್‌ಪುಸ್ತಕಗಳು ಜಿಲ್ಲೆಯ ಆಸ್ತಿ.

1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈ ಲೆಕ್ಕವನ್ನು ಇನ್ನೂ ಸೂಕ್ಷ್ಮಗೊಳಿಸಿದೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅದು ಇಟ್ಟಿದೆ. ಸೌರಫಲಕದ ವಿದ್ಯುತ್ತಿನಿಂದ ನಡೆಯುವ ಈ ಯಂತ್ರಗಳು ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ರವಾನಿಸುತ್ತವೆ. ಒಳಗಿರುವುದು ಸರಳ ಏರ್ಪಾಡು. ಆಲಿಕೆಯ ಕೆಳಗೆ ಎರಡು ಪುಟ್ಟ ತೊಟ್ಟಿಗಳು ಮಕ್ಕಳ ಏತಪಾತದಂತೆ ಒಂದೇ ಅಚ್ಚಿನ ಮೇಲೆ ಕೂತಿರುತ್ತವೆ. ಮಳೆನೀರು ಒಂದರಲ್ಲಿ ತುಂಬಿದೊಡನೆ ಅದು ವಾಲಿ ಖಾಲಿಯಾಗುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ವಾಲುವಿಕೆಗೆ ಒಂದು ಅಯಸ್ಕಾಂತ ಸ್ವಿಚ್ಚಿನ ಎದುರು ಹಾದುಹೋಗುತ್ತದೆ, ಎಣಿಕೆ ಒಂದು ಏರುತ್ತದೆ. ಒಂದು ವಾಲುವಿಕೆ ಎಂದರೆ ಮಾದರಿಗೆ ತಕ್ಕಂತೆ 0.2 ಅಥವಾ 0.5 ಮಿ.ಮೀ. ಮಳೆ.

ಯಂತ್ರ ಸರಳವಾದರೂ ಕರಾವಳಿಯ ಮಳೆ ಅದಕ್ಕೆ ಸುಲಭದ ತುತ್ತಲ್ಲ. ತೊಟ್ಟಿ ವಾಲುತ್ತಿರುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಜಿಟಿಜಿಟಿ ಮಳೆಯಲ್ಲಿ ಇದು ನಗಣ್ಯ. ಆಷಾಢದ ಬಿರುಮಳೆಯಲ್ಲಿ ತೊಟ್ಟಿ ಪಟಪಟನೆ ವಾಲುತ್ತಲೇ ಇರುವುದರಿಂದ ನಷ್ಟವೂ ಏರುತ್ತದೆ. ಅಂದರೆ ಮಳೆ ಬಿರುಸಾದಷ್ಟೂ ಮಾಪಕ ಕಡಿಮೆ ತೋರಿಸುತ್ತದೆ. ಆಲಿಕೆಯ ಬಾಯಿಗೆ ಎಲೆ ಬೀಳುವುದು, ಜೇಡ ಬಲೆ ಕಟ್ಟುವುದು, ಇರುವೆ ಗೂಡು ಮಾಡುವುದು ಬೇರೆ. ಯಂತ್ರ ಇಟ್ಟವರು ಮಳೆಗಾಲದ ನಡುವೆಯೂ ಬಂದು ಗುಡಿಸಿ, ಅಳತೆಯ ನೀರು ಹೊಯ್ದು ಎಣಿಕೆ ಸರಿಯಿದೆಯೇ ಎಂದು ನೋಡಬೇಕು. ಹೊಸ ಯಂತ್ರ ಕೊಳ್ಳುವುದಕ್ಕಿಂತ ಈ ಚಾಕರಿಗೆ ಹಣ ಮತ್ತು ಜನರನ್ನು ಇಡುವುದು ಹೆಚ್ಚು ಮುಖ್ಯ.

15 ನಿಮಿಷದ ಅಂಕಿ ಏಕೆ ಬೇಕು? ಚೀನಾದ ಝೆಂಗ್‌ಝೌ ನಗರ ಇದಕ್ಕೆ ಉತ್ತರ ಹೇಳುತ್ತದೆ. ಮಳೆನೀರನ್ನು ನೆಲವೇ ಹೀರಿಕೊಳ್ಳುವಂತೆ ಊರು ಕಟ್ಟುವ 'ಸ್ಪಂಜ್ ನಗರ' ಯೋಜನೆಗೆ ದೊಡ್ಡ ಮೊತ್ತ ಸುರಿದ ಊರು ಅದು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಬಿತ್ತು. ಮೆಟ್ರೋ ಸುರಂಗಕ್ಕೆ ನೀರು ನುಗ್ಗಿ ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ದಿನವಿಡೀ ಹಂಚಿ ಬರುವ 200 ಮಿ.ಮೀ. ಮಳೆಯನ್ನು ಉಡುಪಿ ಒಂದು ಮಳೆಗಾಲದಲ್ಲಿ ಹಲವು ಸಲ ತಾಳಿಕೊಂಡೀತು. ಅದರ ಅರ್ಧ ಒಂದು ಗಂಟೆಯಲ್ಲಿ ಸುರಿದರೂ ಕಲ್ಸಂಕ ತಾಳದು. ಚರಂಡಿಯ ಅಗಲ ನಿರ್ಧರಿಸುವ ಎಂಜಿನಿಯರ್‌ಗೆ ಬೇಕಾದ್ದು ದಿನದ ಮೊತ್ತವಲ್ಲ, ಗಂಟೆಯ ಬಿರುಸು. ಆ ಬಿರುಸಿನ ಮಾಹಿತಿ ವರ್ಷಗಟ್ಟಲೆಯಿಂದ ಶೇಖರವಾಗುತ್ತಿದೆ. ನಗರಸಭೆಯ ಪ್ರತಿ ಚರಂಡಿ ಟೆಂಡರಿನ ಕಡತದಲ್ಲಿ ಅದು ಮೊದಲ ಪುಟವಾಗಬೇಕು.

ಇನ್ನು ನೆಲದ ಮಾತು. ಉಡುಪಿಗೆ ಹೊಂದಿಕೊಂಡ ಮಣಿಪಾಲ ಮುರಕಲ್ಲಿನ ಗುಡ್ಡ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದಾಗ ಸುತ್ತ ಇದ್ದದ್ದು ಬೋಳು ಪಾದೆ ಮತ್ತು ಕುರುಚಲು. ಇಂದು ಕಾಲೇಜುಗಳು, ಹಾಸ್ಟೆಲುಗಳು, ಬಹುಮಹಡಿ ಅಪಾರ್ಟ್‌ಮೆಂಟುಗಳು, ಜಿಲ್ಲಾಡಳಿತದ ಕಚೇರಿಗಳಿರುವ ರಜತಾದ್ರಿ, ಚತುಷ್ಪಥವಾದ ರಾಷ್ಟ್ರೀಯ ಹೆದ್ದಾರಿ 169ಎ. ಗುಡ್ಡದ ಪಶ್ಚಿಮ ಇಳಿಜಾರಿನ ನೀರು ಇಂದ್ರಾಳಿ ಕಡೆಗಿಳಿದು ಇಂದ್ರಾಣಿ ಹೊಳೆ ಸೇರುತ್ತದೆ. ಇಂದ್ರಾಣಿ ಕಲ್ಸಂಕ, ಮಠದ ಪಾರ್ಕಿಂಗ್ ಪ್ರದೇಶದ ಪಕ್ಕದಿಂದ ಹಾದು ಕಲ್ಮಾಡಿ, ಮಲ್ಪೆ ಕಡೆಯ ಹಿನ್ನೀರಿಗೆ ಇಳಿಯುತ್ತದೆ. ಮೇಲೆ ಕಟ್ಟಿದ ಪ್ರತಿ ಚಾವಣಿಯ ನೀರಿಗೆ ಕೆಳಗೆ ಇರುವ ದಾರಿ ಇದೊಂದೇ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ ಎರಡು ಲಕ್ಷ ಲೀಟರ್ ದಾಟುತ್ತದೆ. ಚಾವಣಿ, ಕಾಂಕ್ರೀಟು, ಡಾಂಬರು ಇದರಲ್ಲಿ ಶೇ. 90ರಷ್ಟನ್ನು, ಎಂದರೆ ಸುಮಾರು 1.8 ಲಕ್ಷ ಲೀಟರನ್ನು ಹೊರಗೆ ನೂಕುತ್ತವೆ. ಗಿಡಗಂಟಿ ಇರುವ ಸಡಿಲ ನೆಲ ಶೇ. 30ರಷ್ಟನ್ನು ಬಿಟ್ಟುಕೊಟ್ಟರೆ ಹರಿದು ಬರುವುದು 60 ಸಾವಿರ ಲೀಟರ್. ಪಠ್ಯಪುಸ್ತಕದ ಲೆಕ್ಕ ಹೀಗೆ.

ಆದರೆ ಆ ಶೇಕಡಾವಾರುಗಳು ಹುಟ್ಟಿದ್ದು ಬೇರೆ ದೇಶಗಳ ಬೇರೆ ಮಣ್ಣಿನಲ್ಲಿ. ನಮ್ಮ ನೆಲದ ಗುಣವೇ ಬೇರೆ. ಗುಡ್ಡದ ನೆತ್ತಿಯ ಗಟ್ಟಿ ಮುರಕಲ್ಲಿನ ಪಾದೆ ಕಾಂಕ್ರೀಟಿನಷ್ಟೇ ನೀರನ್ನು ಜಾರಿಸುತ್ತದೆ. ಅದರ ಬಿರುಕು, ತೂತುಗಳಿರುವ ಕಡೆ ಬಿದ್ದ ನೀರು ಗಂಟೆಗಳಲ್ಲಿ ಕೆಳಗಿಳಿಯುತ್ತದೆ. ಮುರಕಲ್ಲಿನ ಅಡಿಯಲ್ಲಿರುವ ಶೇಡಿ ಮಣ್ಣು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾಗಿ ಇಂಗಿದ ನೀರು ಶೇಡಿಯ ಮೇಲೆಯೇ ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ. ಜೂನ್ ಮೊದಲ ವಾರ ಎಲ್ಲವನ್ನೂ ಕುಡಿಯುವ ತೋಟ ಆಗಸ್ಟ್ ಹೊತ್ತಿಗೆ ತುಂಬಿಕೊಂಡು ಒಂದು ಹನಿಯನ್ನೂ ಒಳಗೆ ಬಿಡದು. 2020ರ ನೆರೆ ಬಂದದ್ದು ಮಳೆಗಾಲದ ಕೊನೆಯಲ್ಲಿ, ನೆಲದ ಹೊಟ್ಟೆ ತುಂಬಿದ್ದಾಗ ಎಂಬುದನ್ನು ಮರೆಯಬಾರದು.

ಇದನ್ನು ಅಳೆಯುವ ಉಪಕರಣ ದುಬಾರಿಯದೇನಲ್ಲ. ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ಜೋಡಿ ಬಳೆ ಸಾಕು. 30 ಸೆಂಟಿಮೀಟರ್ ವ್ಯಾಸದ ಉಕ್ಕಿನ ಬಳೆ, ಅದರ ಸುತ್ತ 60 ಸೆಂಟಿಮೀಟರಿನ ಇನ್ನೊಂದು. ಎರಡನ್ನೂ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದು ನೆಲಕ್ಕೆ ಇಳಿಸಬೇಕು. ಎರಡರಲ್ಲೂ ನೀರು ತುಂಬಬೇಕು. ಹೊರಗಿನ ಬಳೆಯ ನೀರು ಪಕ್ಕಕ್ಕೆ ಹರಡುವುದನ್ನು ನೋಡಿಕೊಳ್ಳುತ್ತದೆ, ಒಳಗಿನದು ನೇರ ಕೆಳಗಿಳಿಯುತ್ತದೆ. ಒಳಬಳೆಯಲ್ಲಿ ಸ್ಕೇಲು ನಿಲ್ಲಿಸಿ ಐದೈದು ನಿಮಿಷಕ್ಕೆ ಮಟ್ಟ ಬರೆದುಕೊಂಡು, ಇಳಿಯುವ ವೇಗ ಒಂದು ಹದಕ್ಕೆ ಬಂದು ನಿಲ್ಲುವತನಕ ಕಾಯಬೇಕು. ಹಳೆಯ ಅಡಿಕೆ ತೋಟದಲ್ಲಿ, ರೋಲರ್ ಓಡಿಸಿ ಗಟ್ಟಿ ಮಾಡಿದ ಕೆಂಪುಮಣ್ಣಿನ ಸೈಟಿನಲ್ಲಿ, ಮೈದಾನದಲ್ಲಿ, ಪಾದೆಯ ಬಿರುಕಿನ ಬಳಿ ಇದನ್ನು ಮಾಡಿದರೆ ನಾಲ್ಕು ಬೇರೆ ಅಂಕಿ ಸಿಗುತ್ತವೆ. ಜೂನ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಮಾಡಿದರೆ ಎಂಟು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ, ವಾಸ್ತುಶಿಲ್ಪ ಮತ್ತು ಯೋಜನೆಯ ಶಾಲೆಯೂ ಇದೆ. ಊರಿನ ಒಂದು ಇಂಗು ನಕ್ಷೆ ತಯಾರಿಸಲು ಇದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟ.

ಆ ನಕ್ಷೆ ಬಂದರೆ ಮನೆಮನೆಯ ಅಂಗಳದ ಇಂಟರ್‌ಲಾಕ್ ಕಲ್ಲುಹಾಸಿನ ಬಗ್ಗೆಯೂ ಖಚಿತವಾಗಿ ಮಾತಾಡಬಹುದು. ಕೆಸರಾಗಬಾರದು, ಹುಲ್ಲು ಬೆಳೆಯಬಾರದು ಎಂದು ಜನ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತಾರೆ. ಅದು ಸಹಜ ಆಸೆ. ಕಲ್ಲಿನ ಕೆಳಗೆ ಕಾಂಕ್ರೀಟ್ ಹಾಸಿದ್ದರೆ ಒಂದು ಅಂಕಿ, ಜಲ್ಲಿಪುಡಿ ಹಾಸಿದ್ದರೆ ಇನ್ನೊಂದು. ಬೇಡ ಎನ್ನುವುದಕ್ಕಿಂತ ಹೇಗೆ ಹಾಕಿಸಬೇಕು ಎಂದು ಹೇಳುವ ಶಕ್ತಿ ಅಳತೆಗಿದೆ.

ನೀರು ಯಾವ ಕಡೆ ಹರಿಯುತ್ತದೆ ಎನ್ನಲು ನೆಲದ ಎತ್ತರ ಗೊತ್ತಿರಬೇಕು. ಇಲ್ಲಿ ಉಪಗ್ರಹ ನಂಬಿ ಕೂತರೆ ಮೋಸ ಹೋಗುತ್ತೇವೆ. ಬಹಳ ಕಡೆ ಬಳಕೆಯಲ್ಲಿರುವ ಪುಕ್ಕಟೆ ಎತ್ತರದ ನಕ್ಷೆ 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರ್ ಮೂಲಕ ಅಳೆದದ್ದು. ಅದರಲ್ಲಿ ಹಲವು ಮೀಟರ್‌ಗಳ ತಪ್ಪಿರಬಹುದು. ರಾಡಾರ್ ಅಲೆ ತೆಂಗಿನ ತೋಟದಲ್ಲಿ ನೆಲ ಮುಟ್ಟುವ ಮೊದಲೇ ಸೋಗೆಗೆ ತಾಗಿ ಮರಳುವುದರಿಂದ ತೋಟವೇ ದಿಬ್ಬವಾಗಿ ಕಾಣುತ್ತದೆ. ಕಾಪು, ಕಟಪಾಡಿ, ಮಲ್ಪೆಯ ಸಮತಟ್ಟು ನೆಲದಲ್ಲಿ ಒಂದು ಅಡಿ ವ್ಯತ್ಯಾಸವೇ ಮನೆಯೊಳಗೆ ನೀರು ಬಂತೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಅಲ್ಲಿಗೆ ಬೇಕಾದ್ದು ಲೇಸರ್ ಕಿರಣದಿಂದ ಎಲೆಗಳ ಸಂದಿಯಲ್ಲೂ ನೆಲ ಹುಡುಕುವ ಲೈಡಾರ್. ಇಲ್ಲವೇ ಕಾಲ್ನಡಿಗೆಯಲ್ಲಿ ಲೆವೆಲ್ ಯಂತ್ರ ಮತ್ತು ಅಳತೆ ಕೋಲು.

ಎತ್ತರದ ಅರಿವು ಇಲ್ಲಿನ ರೈತರಿಗೆ ಹೊಸದಲ್ಲ. ತುಳುನಾಡಿನ ಭತ್ತದ ಗದ್ದೆಗಳು ನೀರಿನ ಲೆಕ್ಕದಲ್ಲೇ ವಿಂಗಡಣೆಯಾಗಿವೆ: ತಗ್ಗಿನಲ್ಲಿ ಬೈಲು, ನಡುವೆ ಮಜಲು, ಮೇಲೆ ಬೆಟ್ಟು. ಮೇಲಿನ ಗದ್ದೆಯ ನೀರು ಕಣಿಯಲ್ಲಿ ಕೆಳಗಿನದಕ್ಕೆ ಇಳಿಯುತ್ತಿತ್ತು, ಬೈಲಿನಲ್ಲಿ ಕೆಲವು ದಿನ ನಿಂತು ಮತ್ತೆ ತೋಡಿಗೆ ಹೋಗುತ್ತಿತ್ತು. ಬೇಸಾಯ ನಿಂತಮೇಲೆ ಬೈಲುಗಳಿಗೆ ಲಾರಿಗಟ್ಟಲೆ ಮಣ್ಣು ಬಿದ್ದಿದೆ. ಒಬ್ಬರು ತಮ್ಮ ಸೈಟನ್ನು ರಸ್ತೆಯ ಮಟ್ಟಕ್ಕೆ ಎತ್ತರಿಸಿದರೆ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದ ಹಳೆಯ ಹೆಂಚಿನ ಮನೆಯ ಜಗಲಿಗೆ ಬರುತ್ತದೆ. ನೆರೆಹೊರೆಯಲ್ಲಿ ಜಗಳ ಹುಟ್ಟುತ್ತದೆ. ಇತ್ಯರ್ಥಕ್ಕೆ ಆಧಾರ ಇರುವುದಿಲ್ಲ, ಏಕೆಂದರೆ ಮಣ್ಣು ತುಂಬುವ ಮೊದಲು ಮಟ್ಟ ಎಷ್ಟಿತ್ತು ಎಂದು ಯಾರೂ ಬರೆದಿಟ್ಟಿಲ್ಲ.

ಸಮುದ್ರವೂ ಈ ಲೆಕ್ಕದೊಳಗೆ ಬರುತ್ತದೆ. ಮಲ್ಪೆಯ ಕಡಲಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಭರತಕ್ಕೂ ಇಳಿತಕ್ಕೂ ಸುಮಾರು ಒಂದೂವರೆ ಮೀಟರ್ ಅಂತರ. ಭರತದ ಹೊತ್ತಿಗೆ ಹಿನ್ನೀರು ಏರಿ ನಿಂತಾಗ ಇಂದ್ರಾಣಿಯ ನೀರಿಗೆ ಮುಂದೆ ಹೋಗಲು ಜಾಗವಿಲ್ಲ. ಅದೇ ಹೊತ್ತಿಗೆ ಬಿರುಮಳೆಯೂ ಸೇರಿದರೆ ಕಲ್ಸಂಕದಲ್ಲಿ ನೀರು ಏರುತ್ತದೆ. ಭರತದ ವೇಳೆ ಪಂಚಾಂಗದಷ್ಟೇ ಖಚಿತವಾಗಿ ಮುಂಚಿತವಾಗಿ ಗೊತ್ತಿರುತ್ತದೆ, ಮಳೆ 15 ನಿಮಿಷಕ್ಕೊಮ್ಮೆ ಗೊತ್ತಾಗುತ್ತದೆ. ನಡುವಿನ ಕೊಂಡಿ ಹೊಳೆಯ ಮಟ್ಟ. ಸೇತುವೆಯ ಅಡಿಗೆ ರಾಡಾರ್ ಮಾಪಕ ತೂಗುಹಾಕಿದರೆ ಅದು ನೀರಿನ ಮೈಗೆ ಅಲೆ ಕಳಿಸಿ, ಮರಳಲು ಹಿಡಿದ ಸಮಯದಿಂದ ಮಟ್ಟ ಹೇಳುತ್ತದೆ. ನೀರಿಗೆ ತಾಗುವುದಿಲ್ಲವಾದ್ದರಿಂದ ತೇಲಿ ಬರುವ ಕಸ ಅದನ್ನು ಕೆಡಿಸದು. ಬೆಂಗಳೂರಿನ ರಾಜಕಾಲುವೆಗಳಲ್ಲಿ ಇಂಥ ಮಟ್ಟ ಮಾಪಕಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ವಿಕೋಪ ಉಸ್ತುವಾರಿ ಕೇಂದ್ರ ಸೇರಿ 2020ರಲ್ಲಿ ಹೊರತಂದ 'ಬೆಂಗಳೂರು ಮೇಘ ಸಂದೇಶ' ಆ್ಯಪ್ ಆ ಅಂಕಿಗಳನ್ನು ಜನರ ಮೊಬೈಲಿಗೆ ತಲುಪಿಸಿತು. ಬೆಂಗಳೂರಿನ ಹಲವು ಪಟ್ಟು ಮಳೆ ಬೀಳುವ ಉಡುಪಿಗೂ ಅಂಥದ್ದೊಂದು ಬರಬೇಕು.

ಕಾರ್ಕಳದಲ್ಲಿ ನೀರಿನ ಕಥೆ ಮೇಲ್ಭಾಗದ್ದು. ಘಟ್ಟದ ಬುಡದ ಆ ತಾಲೂಕಿನಲ್ಲೇ ಸ್ವರ್ಣಾ ಮೈತುಂಬಿಕೊಳ್ಳುತ್ತದೆ. ಪಟ್ಟಣಕ್ಕೆ ನೀರು ಬರುವುದು ಮುಂಡ್ಲಿಯಲ್ಲಿ ಅದೇ ನದಿಯಿಂದ. ಎಣ್ಣೆಹೊಳೆಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಹೊಳೆಯ ಮಟ್ಟ, ಹರಿವು ಅಲ್ಲಿ ನಿಯತವಾಗಿ ದಾಖಲಾಗುತ್ತದೆ. ಸ್ವರ್ಣಾ ಜಲಾನಯನದ ಬಗ್ಗೆ ಸಂಶೋಧಕರು ಇಂದು ಏನಾದರೂ ಖಚಿತವಾಗಿ ಹೇಳಬಲ್ಲರಾದರೆ ಅದಕ್ಕೆ ಇಂಥ ದೀರ್ಘಕಾಲದ ದಾಖಲೆಯೇ ಆಧಾರ. ಒಂದು ಹೊಳೆಗೆ ಸಾಧ್ಯವಾದದ್ದು ಊರೊಳಗಿನ ತೋಡಿಗೂ ಸಾಧ್ಯ.

ಕಾರ್ಕಳದ ಆನೆಕೆರೆ, ರಾಮಸಮುದ್ರಗಳಿಗೆ ಬೇಕಾದ ಅಳತೆ ಬೇರೆ ಬಗೆಯದು. ದೋಣಿಗೆ ಧ್ವನಿಮಾಪಕ ಕಟ್ಟಿ ಕೆರೆಯುದ್ದಕ್ಕೂ ಸಾಗಿದರೆ ತಳದ ನಕ್ಷೆ ಸಿಗುತ್ತದೆ. ಹೂಳೆತ್ತಿದ ಕೆಲಸವನ್ನು ಟಿಪ್ಪರ್ ಲೋಡಿನಲ್ಲಿ ಲೆಕ್ಕ ಹಾಕುವ ಬದಲು, ಮೊದಲಿನ ತಳ ಮತ್ತು ನಂತರದ ತಳದ ವ್ಯತ್ಯಾಸದಲ್ಲಿ ಲೆಕ್ಕ ಹಾಕಿದರೆ ಹಣವೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ. ಗುಡ್ಡದ ಕುಳಿಗೆ ಅಡ್ಡ ದಂಡೆ ಕಟ್ಟಿ ಮಳೆನೀರು ನಿಲ್ಲಿಸುತ್ತಿದ್ದ ಮದಕಗಳಿಗೂ ಈ ಮಾತು ಸಲ್ಲುತ್ತದೆ. ಮದಕದಲ್ಲಿ ನೀರು ನಿಂತರೆ ಕೆಳಗಿನ ಬಾವಿಗಳಲ್ಲಿ ಒರತೆ ಉಳಿಯುತ್ತದೆ ಎಂಬುದು ಹಿರಿಯರ ಅನುಭವ. ಒಂದು ಮದಕ, ಅದರ ಕೆಳಗಿನ ಹತ್ತು ಬಾವಿ, ಒಂದು ಟೇಪು ಇದ್ದರೆ ಎರಡೇ ಬೇಸಗೆಯಲ್ಲಿ ಆ ಅನುಭವಕ್ಕೆ ಅಂಕಿಯ ಬಲ ಬರುತ್ತದೆ.

ಬಾವಿಯೇ ಕರಾವಳಿಯ ದೊಡ್ಡ ಮಾಪಕ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಮುರಕಲ್ಲಿನ ಬಾವಿಗೆ ಇದು ಸಾಲದು; ಜುಲೈಯಲ್ಲಿ ಕೈಗೆಟಕುವ ನೀರು ಮಾರ್ಚ್‌ಗೆ ತಳ ಸೇರುತ್ತದೆ, ಇಳಿಕೆಯ ವೇಗ ವಾರವಾರಕ್ಕೆ ಬದಲಾಗುತ್ತದೆ. ಮನೆಗೊಂದು ಬಾವಿಯಿರುವ ಈ ಜಿಲ್ಲೆಯಲ್ಲಿ ವಾರಕ್ಕೊಮ್ಮೆ ಬಾವಿಕಟ್ಟೆಯಿಂದ ನೀರಿನ ಮಟ್ಟಕ್ಕೆ ಟೇಪು ಇಳಿಸಿ ಬರೆದಿಡಲು ಶಾಲಾ ಮಕ್ಕಳಿಗೂ ಸಾಧ್ಯ. ಇಂದ್ರಾಣಿ ದಡದ ಬಾವಿಗಳಲ್ಲಿ ಮಟ್ಟದ ಜತೆ ಕೊಳಚೆಯ ಪರೀಕ್ಷೆ, ಉದ್ಯಾವರ ಹೊಳೆಯ ಅಂಚಿನ, ಗುಳ್ಳ ಬದನೆಗೆ ಹೆಸರಾದ ಮಟ್ಟು ಭಾಗದ ಬಾವಿಗಳಲ್ಲಿ ಉಪ್ಪಿನಂಶದ ಪರೀಕ್ಷೆ ಸೇರಬೇಕು. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡುವ ಪೆನ್ನಿನಷ್ಟು ದೊಡ್ಡ ಮೀಟರ್ ಉಪ್ಪಿನ ಏರಿಳಿತವನ್ನು ಕ್ಷಣದಲ್ಲಿ ತಿಳಿಸುತ್ತದೆ.

ಅಳತೆಗೆ ಕಾನೂನಿನ ತೂಕವೂ ಇದೆ ಎಂಬುದನ್ನು ಕಾಪು ತಾಲೂಕು ಕಂಡಿದೆ. ಎಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುತ್ತಲಿನ ಜನ ಹಾರುಬೂದಿಯ ಬಗ್ಗೆ, ಬಾವಿ ನೀರಿನ ಬಗ್ಗೆ ವರ್ಷಗಟ್ಟಲೆ ದೂರಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಜ್ಞರ ಸಮಿತಿಯ ವರದಿಯನ್ನು ಮುಂದಿಟ್ಟುಕೊಂಡು ವಿಚಾರಿಸಿ, 2022ರಲ್ಲಿ 52 ಕೋಟಿ ರೂಪಾಯಿ ಪರಿಸರ ಪರಿಹಾರಕ್ಕೆ ಆದೇಶಿಸಿತು. ಅದೇ ತಾಲೂಕಿನ ಪಡುಬಿದ್ರಿ ಕಡಲತೀರ 2020ರಲ್ಲಿ ದೇಶದ ಮೊದಲ ಎಂಟು ಬ್ಲೂ ಫ್ಲ್ಯಾಗ್ ತೀರಗಳಲ್ಲಿ ಒಂದಾಯಿತು. ಆ ಬಾವುಟಕ್ಕೆ ನೀರಿನಲ್ಲಿರುವ ಮಲಮೂಲದ ಬ್ಯಾಕ್ಟೀರಿಯಾಗಳನ್ನು ನಿಯತವಾಗಿ ಎಣಿಸಬೇಕು, ಫಲಿತಾಂಶವನ್ನು ತೀರದಲ್ಲೇ ಫಲಕದ ಮೇಲೆ ಹಾಕಬೇಕು. ಸ್ನಾನಕ್ಕಿಳಿಯುವವರು ಓದಿಕೊಂಡು ಇಳಿಯಬಹುದು. ಪ್ರವಾಸಿಗರಿಗೆ ಸಿಗುವ ಈ ಹಕ್ಕು ಇಂದ್ರಾಣಿ ದಡದಲ್ಲಿ ಬಾಳುವ ಕುಟುಂಬಗಳಿಗೂ ಸಿಗಬೇಕು.

ಸೆಕೆಯ ಅಳತೆ ಪ್ರತ್ಯೇಕ ಲೇಖನದ ವಸ್ತು, ಆದರೂ ಒಂದು ಮಾತು. ಊರು ತನ್ನ ಸುತ್ತಲಿನ ಹಳ್ಳಿಗಿಂತ ಬಿಸಿಯಾಗಿರುತ್ತದೆ ಎಂದು ಹವಾ ವೀಕ್ಷಕ ಲ್ಯೂಕ್ ಹೋವರ್ಡ್ ಲಂಡನ್ನಿನ ಹವೆಯ ದಾಖಲೆಯಿಂದ ತೋರಿಸಿದ್ದು 1818ರಿಂದ 1820ರ ನಡುವೆ ಹೊರಬಂದ ತನ್ನ ಕೃತಿಯಲ್ಲಿ. ಕರಾವಳಿಯಲ್ಲಿ 37 ಡಿಗ್ರಿಯನ್ನೇ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆಯ ಹೊಸ್ತಿಲು ಎಂದು ಪರಿಗಣಿಸುತ್ತದೆ, ಏಕೆಂದರೆ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಹಾಗಾಗಿ ಇಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿ ಒಣ ಥರ್ಮಾಮೀಟರಿನದಕ್ಕಿಂತ ಹೆಚ್ಚು ಹೇಳುತ್ತದೆ. ಮಳೆನೀರನ್ನು ಜಾರಿಸುವ ಅದೇ ಇಂಟರ್‌ಲಾಕ್ ಅಂಗಳ ಏಪ್ರಿಲ್‌ನಲ್ಲಿ ಸಂಜೆಯವರೆಗೂ ಕಾವು ಉಗುಳುತ್ತದೆ.

ಇಷ್ಟಕ್ಕೂ ಆರಂಭಿಸಲು ಬೇಕಾದ್ದು ದೊಡ್ಡ ಯೋಜನೆಯಲ್ಲ. ಕಲ್ಸಂಕ ಸೇತುವೆಗೆ ಒಂದು ಮಟ್ಟ ಮಾಪಕ, ಅದರ ಕಂಬಕ್ಕೆ ಯಾರೂ ಓದಬಲ್ಲ ಬಣ್ಣದ ಗೇಜ್ ಪಟ್ಟಿ. ನಗರಸಭೆಯ 35 ವಾರ್ಡುಗಳಲ್ಲಿ ವಾರ್ಡಿಗೊಂದು ಮಳೆಮಾಪಕ, ವಾರ್ಡಿಗೊಂದು ಬಾವಿ. ಕಾಪು, ಕಾರ್ಕಳ ಪುರಸಭೆಗಳಲ್ಲೂ ಇದೇ ಕ್ರಮ. ಮನೆ ಕಟ್ಟುವವರ ಪರವಾನಗಿ ಅರ್ಜಿಯಲ್ಲಿ ಇನ್ನು ಮೂರು ಸಾಲು ಸೇರಿಸಬೇಕು: ಸೈಟಿನ ಈಗಿನ ಮಟ್ಟ, ಮಣ್ಣು ತುಂಬಿದ ಮೇಲಿನ ಮಟ್ಟ, ಚಾವಣಿಯ ನೀರು ಸೇರುವ ತೋಡಿನ ಹೆಸರು. ಲೆವೆಲ್ ಯಂತ್ರ ಎಂಜಿನಿಯರ್ ಹತ್ತಿರ ಹೇಗೂ ಇರುತ್ತದೆ. ಮನೆಯ ನಕ್ಷೆಗಾಗಿ ಸೈಟು ನೋಡಲು ಬಂದ ದಿನವೇ ಮೊದಲ ಅಂಕಿಯನ್ನು ಅಳೆದು, ಎರಡನೆಯದನ್ನು ನಿಗದಿ ಮಾಡಬಹುದು.